ಪ್ರತಿಕ್ರಿಯೆ: ಚೆಕಪ್ ಬೇಡ ಅಂದರೆ ಕೈಬಿಟ್ಟ ಹಾಗಾ?

ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಇಂಗ್ಲೆಂಡಿನ ಆಸ್ಪತ್ರೆಯವರು ನಿಮ್ಮ ಅಮ್ಮನಿಗೆ "ಇನ್ನು ಚೆಕಪ್‌ಗೆ ಬರೋದು ಬೇಡ, ಏನಾದ್ರೂ ಆದರೆ ನೀವೇ ಫೋನ್ ಮಾಡಿ" ಅಂದರು, ಕೈಬಿಟ್ಟರಾ ಅಂತ ಕೇಳಿದ್ದೀರಿ. ಇಲ್ಲ. ಇದೇ ಆಪರೇಷನ್ ಆದಾಗ ನನಗೂ ಮೊದಲು ಹಾಗೇ ಅನಿಸಿತ್ತು ಬಿಡಿ.

ಕಾಯಿಲೆ ಮರಳುವ ಸಾಧ್ಯತೆ ಕಡಿಮೆ ಇರುವವರಿಗೆ ಬ್ರಿಟಿಷ್ ಗೈನಕಾಲಜಿಕಲ್ ಕ್ಯಾನ್ಸರ್ ಸೊಸೈಟಿ 2020ರಲ್ಲೇ ಇದನ್ನು ಶಿಫಾರಸು ಮಾಡಿದೆ. ಇಟಲಿ, ಫ್ರಾನ್ಸ್‌ನಲ್ಲಿ ನಡೆದ ಟೋಟೆಮ್ ಅಧ್ಯಯನದಲ್ಲೂ ಪದೇ ಪದೇ ಸ್ಕ್ಯಾನ್ ಮಾಡಿದ್ದರಿಂದ ಆಯಸ್ಸೇನೂ ಜಾಸ್ತಿಯಾಗಲಿಲ್ಲ.

ಅಮ್ಮನಿಗೆ ಒಂದು ಬಿಡಿಸಿ ಹೇಳಿ: ಗರ್ಭಕೋಶ ತೆಗೆದು ಗಾಯ ಮಾಗಿದ ಮೇಲೆ ರಕ್ತ ಕಾಣಬಾರದು. ಸಣ್ಣ ಕಲೆ ಕಂಡರೂ ಫೋನ್ ಮಾಡಬೇಕು. ವಾಸನೆಯ ಬಿಳಿಸೆರಗು, ಬಿಡದ ಹೊಟ್ಟೆನೋವು ಅಥವಾ ಸೊಂಟನೋವು, ಕಾಲು ಊದುವುದು, ಸುಮ್‌ಸುಮ್ನೆ ತೂಕ ಇಳಿಯುವುದು, ಇವಕ್ಕೂ ಅಷ್ಟೇ. ನಮ್ಮ ಹೆಂಗಸರು ಗೊತ್ತಲ್ವಾ, "ಕೆಳಗೆ ಸ್ವಲ್ಪ ಹಂಗೇ" ಅಂದು ಮಾತು ಮುಗಿಸಿಬಿಡುತ್ತಾರೆ. ನೀವೇ ಕೇಳಬೇಕು.

ನಾನು ಆಸ್ಪತ್ರೆಯ ಸ್ಪೆಷಲಿಸ್ಟ್ ನರ್ಸ್ (ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ನರ್ಸ್) ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಎರಡನೇ ವರ್ಷ ಒಂದು ಶನಿವಾರ ಒಳಉಡುಪಿನಲ್ಲಿ ತಿಳಿಗುಲಾಬಿ ಕಲೆ ಕಂಡಿತು. ಎರಡು ರಾತ್ರಿ ನಿದ್ದೆಯಿಲ್ಲ. ಸೋಮವಾರ ಫೋನ್ ಮಾಡಿದೆ, ಅದೇ ವಾರ ಕರೆಸಿ ನೋಡಿದರು. ಯೋನಿಯ ಒಳಗಿನ ಚರ್ಮ ಒಣಗಿ ಬಿರುಕು ಬಿಟ್ಟಿತ್ತು, ಅಷ್ಟೇ.

ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಹೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಈ ಪದ್ಧತಿ ಅಮ್ಮನಿಗೆ ಒಗ್ಗದಿದ್ದರೆ ಅದನ್ನೂ ನರ್ಸ್‌ಗೆ ಹೇಳಬಹುದು. ಊರಿಗೆ ಹೋಗುವಾಗ ಆಪರೇಷನ್ ರಿಪೋರ್ಟಿನ ಪ್ರತಿ ಕೈಚೀಲದಲ್ಲಿರಲಿ.