ಮಂಗಳೂರಿನಲ್ಲಿ ನನ್ನದು 25 ಜನರ ಕಂಪನಿ. ಎಲ್ಲರೂ ನೇರ ನನ್ನ ಹತ್ತಿರವೇ ಬರುತ್ತಾರೆ. ಸಂಜೆ ಏಳಾದರೂ ನನ್ನ ಸ್ವಂತ ಕೆಲಸಕ್ಕೆ ಕೈ ಹಾಕಲು ಆಗುವುದಿಲ್ಲ. ಮಧ್ಯದಲ್ಲಿ ಮ್ಯಾನೇಜರ್‌ಗಳು ಬೇಕಾ, ಅಥವಾ ಹೀಗೇ ಫ್ಲ್ಯಾಟ್ ಆಗಿರಲಿ?

ಬೇಕು. ಆದರೆ ಮೂವರು ಸಾಕು, ಒಂದೇ ಮೆಟ್ಟಿಲು ಸಾಕು. ಸಂಜೆ ಏಳಾದರೂ ನಿಮ್ಮ ಸ್ವಂತ ಕೆಲಸಕ್ಕೆ ಕೈ ಹಾಕಲು ಆಗುವುದಿಲ್ಲ ಎಂದು ನೀವೇ ಬರೆದಿದ್ದೀರಲ್ಲ.

ನಾನು ಎರಡೂ ಕಡೆ ಅನ್ನ ಉಂಡವನು. ಹನ್ನೊಂದು ವರ್ಷ ಬ್ಯಾಂಕಿನಲ್ಲಿದ್ದೆ. ಈಗ ಕದ್ರಿ ಹತ್ತಿರ ಒಂದು ಸಾಫ್ಟ್‌ವೇರ್ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ.

ಬ್ಯಾಂಕೆಂದರೆ ಉದ್ದ ಏಣಿ. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದೂ 1906ರಿಂದ 1931ರ ಒಳಗೆ ಇಲ್ಲೇ ಹುಟ್ಟಿದವು. ಸರಕಾರಿ ಬ್ಯಾಂಕಿನಲ್ಲಿ ಆಫೀಸರ್‌ಗಳಿಗೇ ಸ್ಕೇಲ್ 1, ಸ್ಕೇಲ್ 2 ಅಂತ ಶುರುವಾಗಿ ಜನರಲ್ ಮ್ಯಾನೇಜರ್ ಹೊತ್ತಿಗೆ ಸ್ಕೇಲ್ 7. ಕೆಳಗೆ ಕ್ಲರ್ಕ್, ಅಟೆಂಡರ್. ಮೇಲೆ ಎಕ್ಸಿಕ್ಯೂಟಿವ್ ಡೈರೆಕ್ಟರ್, ಮ್ಯಾನೇಜಿಂಗ್ ಡೈರೆಕ್ಟರ್.

ಒಂದು ಜೂನ್‌ನಲ್ಲಿ ಮಲ್ಪೆಯ ಮೀನುಗಾರಿಕೆ ಬೋಟ್ ಮಾಲಕರೊಬ್ಬರು ಸಾಲ ಕೇಳಿ ಬಂದರು. ಜೂನ್, ಜುಲೈ 61 ದಿನ ಯಾಂತ್ರಿಕ ಬೋಟ್‌ಗಳಿಗೆ ರಜೆ. ಇಂಜಿನ್, ಹಲಗೆ ರಿಪೇರಿ ಮಾಡಿಸುವ ಕಾಲ. ಅವರು ಕೇಳಿದ ಮೊತ್ತ ನಮ್ಮ ಮ್ಯಾನೇಜರ್ ಕೈ ಮೀರಿದ್ದು. ಫೈಲ್ ಮೇಲಿನ ಆಫೀಸಿಗೆ ಹೋಯಿತು. ಇನ್ಶೂರೆನ್ಸ್ ಪ್ರತಿ ಓದಲು ಆಗುವುದಿಲ್ಲ ಅಂತ ವಾಪಸ್ ಬಂತು. ಕಳಿಸಿದೆವು. ಇನ್ನೊಂದು ಮೇಜಿನಿಂದ ಇನ್ನೊಂದು ಪ್ರಶ್ನೆ. ಅವರು ಮಳೆಯಲ್ಲೇ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೊಡೆ ಮಡಚಿ ಕೂರುತ್ತಿದ್ದರು. ಕೊಡೆಯ ತುದಿಯಿಂದ ನೀರು ಇಳಿದು ನೆಲದ ಮೇಲೆ ಗುಂಡಗೆ ನಿಲ್ಲುತ್ತಿತ್ತು. "ಫೈಲ್ ಈಗ ಎಲ್ಲುಂಟು ಸರ್?" ಮಂಜೂರಾಗುವಾಗ ಆಗಸ್ಟ್ ಎರಡನೇ ವಾರ. ಬೇರೆ ಬೋಟ್‌ಗಳೆಲ್ಲ ಕಡಲಿಗೆ ಇಳಿದಾಗಿತ್ತು. ಆ ಫೈಲ್ ನೋಡಿದವರಲ್ಲಿ ಒಬ್ಬರೂ ಸೋಮಾರಿಗಳಲ್ಲ ಮಾರಾಯ್ರೆ. ಒಬ್ಬೊಬ್ಬರೂ ಇಟ್ಟುಕೊಂಡದ್ದು ಮೂರೋ ನಾಲ್ಕೋ ದಿನ, ಅಷ್ಟೇ.

ಹಾಗಂತ ಏಣಿ ಕೆಟ್ಟದ್ದು ಅನ್ನಲಾರೆ. ಎಷ್ಟು ಮೊತ್ತದ ತನಕ ಯಾರು ಸಹಿ ಹಾಕಬಹುದು ಅನ್ನುವುದು ಬರಹದಲ್ಲಿ ಇರುತ್ತದೆ. ಊರವರ ದುಡ್ಡು ಇಟ್ಟುಕೊಂಡವರಿಗೆ ಅದು ಬೇಕೇ ಬೇಕು.

ಈಗಿನ ಕಂಪನಿಗೆ ಬಂದಾಗ 19 ಜನ, ಒಬ್ಬರು ಧಣಿ. ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಮೊದಲ ವಾರ ಬಾಯೇ ಬರಲಿಲ್ಲ. ರಜೆ ಬೇಕಾದರೆ ವಾಟ್ಸಾಪ್‌ನಲ್ಲಿ ಒಂದು ಸಾಲು, ಐದು ನಿಮಿಷದಲ್ಲಿ ಉತ್ತರ. ಸ್ವರ್ಗ ಅಂದುಕೊಂಡೆ. ಆಮೇಲೆ ಧಣಿಗಳು ಕುಟುಂಬದ ದೈವದ ನೇಮಕ್ಕೆ ಮೂರು ದಿನ ಊರಿಗೆ ಹೋದರು. ಪ್ರಿಂಟರ್‌ಗೆ ಟೋನರ್ ತರಲೂ ಹೂಂ ಅನ್ನುವವರಿಲ್ಲ!

ಮೆಟ್ಟಿಲೇ ಇಲ್ಲ ಅನ್ನುವುದೂ ಸುಮ್ನೆ ಮಾತು. ಮಧ್ಯಾಹ್ನ ಧಣಿಗಳ ಜೊತೆ ಊಟಕ್ಕೆ ಹೋಗುವ ಇಬ್ಬರು ಹೇಳಿದ್ದೇ ನಡೆಯುತ್ತಿತ್ತು. ಹೊಸಬರಿಗೆ ಇದು ಗೊತ್ತಾಗಲು ಆರು ತಿಂಗಳು ಹಿಡಿಯುತ್ತಿತ್ತು. ಬ್ಯಾಂಕಿನಲ್ಲಾದರೆ ಬಾಗಿಲ ಮೇಲಿನ ಬೋರ್ಡ್ ನೋಡಿದರೆ ಮುಗಿಯಿತು. ಒಳ್ಳೆಯ ಹುಡುಗನೊಬ್ಬ ನಾಲ್ಕು ವರ್ಷ ಇದ್ದು ಬಿಟ್ಟುಹೋದ. ಸಂಬಳಕ್ಕೇನೂ ಕೊರತೆ ಇರಲಿಲ್ಲ. ಹುಡುಗಿ ಕಡೆಯವರು "ಪೋಸ್ಟ್ ಎಂತ?" ಅಂದರೆ ಹೇಳಲು ಏನೂ ಇರಲಿಲ್ಲವಂತೆ. ನಗಬೇಡಿ, ನಮ್ಮೂರಲ್ಲಿ ಇದು ಜಾಸ್ತಿ ಉಂಟು.

ಒಬ್ಬರ ಕೈಕೆಳಗೆ ಎಷ್ಟು ಜನ ಅನ್ನುವುದಕ್ಕೆ ಗ್ರೈಕುನಾಸ್ ಎಂಬ ಮ್ಯಾನೇಜ್‌ಮೆಂಟ್ ಸಲಹೆಗಾರ 1933ರಲ್ಲಿ ಒಂದು ಲೆಕ್ಕ ಬರೆದ. ಐವರಿದ್ದರೆ ಧಣಿ ಗಮನಿಸಬೇಕಾದ ಸಂಬಂಧಗಳು 100, ಆರಾದರೆ 222. ಅವರವರ ನಡುವಿನದ್ದು, ಗುಂಪು ಗುಂಪಿನದ್ದು ಎಲ್ಲ ಸೇರಿ. ನಿಮ್ಮ 25ಕ್ಕೆ ಅದೇ ಲೆಕ್ಕ ಹಾಕಿ ನೋಡಿದೆ, 41 ಕೋಟಿ ದಾಟಿತು. ಅದು ಬರೀ ಗಣಿತ, ಹೆದರಬೇಡಿ. ಆದರೆ ಗೂಗಲ್‌ನವರೂ 2000ದ ದಶಕದ ಆರಂಭದಲ್ಲಿ ಎಂಜಿನಿಯರ್‌ಗಳ ಮೇಲಿನ ಮ್ಯಾನೇಜರ್‌ಗಳನ್ನು ತೆಗೆದು ನೋಡಿದ್ದರು. ಖರ್ಚಿನ ಬಿಲ್ಲು, ಜಗಳ ಎಲ್ಲ ನೇರ ಸ್ಥಾಪಕ ಲ್ಯಾರಿ ಪೇಜ್ ಹತ್ತಿರ ಬರತೊಡಗಿ, ಕೆಲವೇ ತಿಂಗಳಲ್ಲಿ ಕೈಬಿಟ್ಟರು.

ನೀವು ಮೂವರನ್ನು ಆರಿಸಿ, ಒಬ್ಬೊಬ್ಬರಿಗೆ ಏಳೆಂಟು ಜನ ಕೊಡಿ. ಬರೀ ಹುದ್ದೆಯ ಹೆಸರು ಕೊಟ್ಟರೆ ಬ್ಯಾಂಕಿನ ಫೈಲಿನ ಕತೆಯೇ. ನಿಮ್ಮನ್ನು ಕೇಳದೆ ಎಷ್ಟು ರೂಪಾಯಿ ಖರ್ಚು ಮಾಡಬಹುದು, ಯಾವ ರಜೆ ಕೊಡಬಹುದು ಎಂದು ಬರೆದುಕೊಡಿ. ಆ ಮೂವರು ತಮ್ಮತಮ್ಮಲ್ಲೇ ಮಾತಾಡಿ ಮುಗಿಸಲಿ, ನಿಮಗೆ ತಿಳಿಸಿದರಾಯಿತು. ಫ್ರಾನ್ಸಿನ ಗಣಿ ಎಂಜಿನಿಯರ್ ಫಯೋಲ್ 1916ರಲ್ಲೇ ಇದನ್ನು ಹೇಳಿದ್ದ. ಅವರನ್ನು ದಾಟಿ ಯಾರಾದರೂ ನಿಮಗೆ ವಾಟ್ಸಾಪ್ ಮಾಡಿದರೆ ಉತ್ತರ ಕೊಡಬೇಡಿ. ಕಷ್ಟ ಇರುವುದು ಇಲ್ಲೇ, ನಮ್ಮ ಧಣಿಗಳಿಗೆ ಈಗಲೂ ಬೆರಳು ತಡೆಯುವುದಿಲ್ಲ.

ಎಲ್ಲಕ್ಕಿಂತ ಮೊದಲು ಮೂರು ದಿನ ಊರಿಗೆ ಹೋಗಿ ಬನ್ನಿ, ಫೋನ್ ಆಫ್ ಮಾಡಿ. ಬಂದಾಗ ಏನೇನು ನಿಮಗಾಗಿ ಕಾದು ನಿಂತಿದೆ ಎಂದು ಬರೆದಿಡಿ. ಅದರಲ್ಲಿ ನೀವೇ ಬೇಕಾದದ್ದು ನಾಲ್ಕೈದು ಇರಬಹುದು. ಉಳಿದ ಪಟ್ಟಿಯನ್ನು ಆ ಮೂವರಿಗೆ ಹಂಚಿಬಿಡಿ.