ಐವತ್ತು ಸಾವಿರದಲ್ಲಿ ಓದಿಗೂ ಆಟಕ್ಕೂ ಆಗುವ ಲ್ಯಾಪ್‌ಟಾಪ್

ಪ್ರಶ್ನೆ: ನಾನು ಬಿಸಿಎ ಮೊದಲ ವರ್ಷದ ವಿದ್ಯಾರ್ಥಿನಿ. ಲ್ಯಾಪ್‌ಟಾಪ್‌ಗೆ 50 ಸಾವಿರ ಕೊಡ್ತೀನಿ ಅಂತ ಅಪ್ಪ ಹೇಳಿದ್ದಾರೆ. ಜಾವಾ, ಪೈಥಾನ್ ಕಲಿಯಬೇಕು. ರಾತ್ರಿ ಸ್ವಲ್ಪ ಹೊತ್ತು ವ್ಯಾಲೊರಂಟ್, ಮೈನ್‌ಕ್ರಾಫ್ಟ್ ಆಡುತ್ತೇನೆ. ಕಾಲೇಜಿಗೆ ದಿನಾ ಎರಡು ಬಸ್ ಹತ್ತಬೇಕು. ಗೇಮಿಂಗ್ ಲ್ಯಾಪ್‌ಟಾಪೇ ಬೇಕಾ? ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಐ7 ಅರ್ಧ ಬೆಲೆಗೆ ಸಿಗುತ್ತದಂತೆ, ತಗೊಳ್ಳಬಹುದಾ?
– ಓದುಗರು, ಕೆಂಗೇರಿ

ಉತ್ತರ: ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ನೀವು ಹೇಳಿದ ಎರಡೂ ಆಟಗಳಿಗೆ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕು, ಅದು ಚೆನ್ನಾಗಿರಬೇಕು ಅಷ್ಟೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಮಾಡೆಲ್‌ಗಳು ಸಾಮಾನ್ಯವಾಗಿ ಎರಡು ಕಿಲೋ ದಾಟುತ್ತವೆ. ಚಾರ್ಜರ್ ಭಾರ ಬೇರೆ. ಬ್ಯಾಟರಿಯೂ ಬೇಗ ಇಳಿಯುತ್ತದೆ. ಮೈಸೂರು ರಸ್ತೆಯ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಅದನ್ನು ಮೂರು ವರ್ಷ ಹೊರುವುದು ನಿಜವಾಗಿಯೂ ಕಷ್ಟ.

ನಿಮ್ಮ ದುಡ್ಡಿಗೆ ಬೆಲೆ ಬರುವುದು ರ‍್ಯಾಮ್‌ನಲ್ಲಿ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರುವುದಿಲ್ಲ. ಅದು ಪ್ರೊಸೆಸರ್ ಜೊತೆ ರ‍್ಯಾಮ್ ಹಂಚಿಕೊಳ್ಳುತ್ತದೆ, ಒಂದೇ ತಟ್ಟೆಯಲ್ಲಿ ಇಬ್ಬರು ಉಂಡ ಹಾಗೆ. 8 ಜಿಬಿ ಇದ್ದರೆ ವಿಂಡೋಸ್, ಬ್ರೌಸರ್, ಕೋಡಿಂಗ್ ಸಾಫ್ಟ್‌ವೇರ್‌ಗಳೇ ಹೆಚ್ಚುಕಮ್ಮಿ ಎಲ್ಲವನ್ನೂ ಮುಗಿಸಿಬಿಡುತ್ತವೆ. ಅದಕ್ಕೇ 16 ಜಿಬಿ ಬೇಕು. ಅದೂ ಎರಡು ಕಡ್ಡಿಯಲ್ಲಿ (ಸ್ಲಾಟ್‌ಗೆ ಸಿಕ್ಕಿಸುವ ಸಣ್ಣ ಪಟ್ಟಿ) ಇರಲಿ. ಡಿಡಿಆರ್4-3200 ಅನ್ನುವ ಬಗೆಯದ್ದು ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಮಾಹಿತಿ ಸಾಗುತ್ತದೆ. ಎರಡಿದ್ದರೆ 51.2. ಆಟದ ಮಧ್ಯೆ ಚಿತ್ರ ತಡವರಿಸುವುದು ಬಹಳ ಸಲ ಇದೇ ಕಾರಣಕ್ಕೆ. ಇಂಟೆಲ್ ಐ5-1235ಯು ಪ್ರೊಸೆಸರ್ ನೋಡಿ. ಎರಡು ಕಡ್ಡಿ ಇದ್ದಾಗ ಮಾತ್ರ ಅದರ ಗ್ರಾಫಿಕ್ಸ್ ಐರಿಸ್ ಎಕ್ಸ್‌ಇ ಅನ್ನಿಸಿಕೊಳ್ಳುತ್ತದೆ. ಒಂದೇ ಇದ್ದರೆ ಬರೀ ಯುಹೆಚ್‌ಡಿ ಅಂತ ತೋರಿಸುತ್ತದೆ.

ನನ್ನ ಅಕ್ಕನ ಮಗನಿಗೆ ಒಂದು ಅಂಗಡಿಯಲ್ಲಿ ರೈಜೆನ್ 5 (ಎಎಂಡಿ ಕಂಪನಿಯ ಪ್ರೊಸೆಸರ್) ಇರುವ ಲ್ಯಾಪ್‌ಟಾಪ್ ಕೊಡಿಸಿದ್ದೆವು. 8 ಜಿಬಿ ಇತ್ತು. 'ಆಮೇಲೆ ಯಾವಾಗ ಬೇಕಾದರೂ ಹಾಕಿಸಿಕೊಳ್ಳಿ' ಅಂದರು. ಆರು ತಿಂಗಳಾದ ಮೇಲೆ ಎಸ್.ಪಿ. ರೋಡಿನ ಒಂದು ರಿಪೇರಿ ಅಂಗಡಿಯಲ್ಲಿ ಹಿಂದಿನ ಮುಚ್ಚಳ ಬಿಚ್ಚಿಸಿದೆವು. ಸ್ಲಾಟೇ ಇರಲಿಲ್ಲ. ಸಣ್ಣ ಕಪ್ಪು ಚಿಪ್‌ಗಳು ಬೋರ್ಡಿಗೆ ಬೆಸುಗೆ ಹಾಕಿಸಿಕೊಂಡು ಕೂತಿದ್ದವು. ಹುಡುಗ ಹೊಸ ರ‍್ಯಾಮ್ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅದು ರೈಜೆನ್ 5 7520ಯು. ಇದೇ 'ರೈಜೆನ್ 5' ಸ್ಟಿಕ್ಕರ್ 7530ಯು ಮೇಲೂ ಇರುತ್ತದೆ. ಒಂದೇ ಅಂಕಿ ವ್ಯತ್ಯಾಸ ಅಲ್ವಾ ಅಂದುಕೊಳ್ಳಬೇಡಿ. ಮೊದಲನೆಯದಕ್ಕೆ 4 ಕೋರ್ (ಕೆಲಸ ಮಾಡುವ ಘಟಕ), ಗ್ರಾಫಿಕ್ಸ್‌ಗೆ 2 ಕೋರ್, ರ‍್ಯಾಮ್ ಬೆಸುಗೆಯದ್ದು. ಎರಡನೆಯದಕ್ಕೆ 6 ಕೋರ್, ಗ್ರಾಫಿಕ್ಸ್‌ಗೆ 7. ಈ 7000 ಸಾಲಿನಲ್ಲಿ ಮೂರನೇ ಅಂಕಿ ನೋಡಿ: 2 ಇದ್ದರೆ ಹಳೆಯ ಝೆನ್ 2 ವಿನ್ಯಾಸ, 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. ನಿಮಗೆ 7530ಯು ಅಥವಾ 7535ಹೆಚ್‌ಎಸ್ ಸಿಕ್ಕರೆ ಧೈರ್ಯವಾಗಿ ತಗೊಳ್ಳಿ.

ಅಂಗಡಿಯಲ್ಲಿ ಡೆಮೊ ಪೀಸ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ಕೆಳಗೆ 'ಫಾರ್ಮ್ ಫ್ಯಾಕ್ಟರ್' ಮುಂದೆ 'ಎಸ್‌ಒಡಿಐಎಂಎಂ' ಅಂತಿದ್ದರೆ ಅದು ಬಿಚ್ಚಿ ಹಾಕುವ ಕಡ್ಡಿ. 'ರೋ ಆಫ್ ಚಿಪ್ಸ್' ಅಂತಿದ್ದರೆ ಬೆಸುಗೆಯದ್ದು. ಖಾಲಿ ಸ್ಲಾಟ್ ಇದೆಯಾ ಅಂತಲೂ ಅಲ್ಲೇ ಗೊತ್ತಾಗುತ್ತದೆ. 8 ಜಿಬಿ ಮಾಡೆಲ್ ತಗೊಂಡು ಆಮೇಲೆ ಸೇರಿಸುವ ಯೋಚನೆ ಇದ್ದರೆ, ಮುಚ್ಚಳ ತೆಗೆದರೆ ವಾರಂಟಿ ಹೋಗುತ್ತದಾ ಅಂತ ಕಂಪನಿಯ ಕಸ್ಟಮರ್ ಕೇರ್‌ಗೆ ಮೊದಲೇ ಕೇಳಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ. ಹಾಗಾಗಿ ಸಾಧ್ಯವಾದರೆ ಮೊದಲೇ 16 ಜಿಬಿ ಇರುವುದನ್ನೇ ಹುಡುಕಿ.

ಇನ್ನು ಸೆಕೆಂಡ್ ಹ್ಯಾಂಡ್. ಬೇಡ ಅಂತ ಪೂರ್ತಿ ಹೇಳುವುದಿಲ್ಲ. ಆದರೆ ಐ7 ಅನ್ನುವ ಇಂಟೆಲ್ ಪ್ರೊಸೆಸರ್ ಹೆಸರಿಗೆ ಮರುಳಾಗಬೇಡಿ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್ 8ನೇ ಪೀಳಿಗೆಯಾದರೂ ಬೇಕು. ಐ7-7500ಯು ಅಂದರೆ 7ನೇ ಪೀಳಿಗೆ, ಅದು ಆಗುವುದಿಲ್ಲ. ಕೆಲವರು ಹೇಗೋ ಮಾಡಿ ವಿಂಡೋಸ್ 11 ಹಾಕಿಕೊಡುತ್ತಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಎರಡೂ ಸುರಕ್ಷತಾ ವ್ಯವಸ್ಥೆಗಳು ಆನ್ ಇರಬೇಕು, ಇಲ್ಲದಿದ್ದರೆ ಆಟ ತೆರೆಯುವುದೇ ಇಲ್ಲ. ಎಸ್.ಪಿ. ರೋಡಿಗೆ ಹೋಗುವುದಾದರೆ ಚಾರ್ಜರ್ ತೆಗೆದು ಅರ್ಧ ಗಂಟೆ ಓಡಿಸಿ ನೋಡಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೊಡದಿದ್ದರೆ ಸುಮ್ನೆ ವಾಪಸ್ ಬನ್ನಿ.

ಸ್ಕ್ರೀನ್ ಫುಲ್ ಹೆಚ್‌ಡಿ, ಐಪಿಎಸ್ ಇರಲಿ. ಪಕ್ಕಕ್ಕೆ ನಿಂತು ನೋಡಿದಾಗ ಬಣ್ಣ ಮಾಸಿದರೆ ಬೇಡ. 512 ಜಿಬಿ ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ಜಾಗ) ಸಾಕು. ತೂಕ 1.7 ಕಿಲೋ ಒಳಗಿರಲಿ. ಅಂಗಡಿಗೆ ಹೋಗುವಾಗ ನಿಮ್ಮ ಕಾಲೇಜ್ ಬ್ಯಾಗನ್ನೇ ತಗೊಂಡು ಹೋಗಿ, ಅದರೊಳಗೆ ಇಟ್ಟು ಒಂದು ಸಲ ಹೆಗಲಿಗೇರಿಸಿ ನೋಡಿ.