ಅತಿಥಿ ತನ್ನ ಡೈಲಾಗ್ ಬಾಯಿಪಾಠ ಮಾಡಿಕೊಂಡು ಬಂದಿರುವುದಿಲ್ಲ

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಮಾಡಿದವಳು. ಒಂದು ವರ್ಷದಿಂದ ಪ್ರವಾಸೋದ್ಯಮ ಮತ್ತು ಅಡುಗೆ ಕಲೆಯ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಪುಸ್ತಕದ ಸಂಭಾಷಣೆಗಳನ್ನು ಚೆನ್ನಾಗಿ ಒಪ್ಪಿಸುತ್ತಾರೆ. ಟ್ರೈನಿಂಗ್‌ಗೆಂದು ಹೋಟೆಲಿಗೆ ಹೋದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ನನಗೋ ಹೋಟೆಲ್ ಕೆಲಸದ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಹುಡುಗರಿಗೆ ಮಾತು ಬರುತ್ತದೆ ಮೇಡಂ, ಕೇಳಿಸಿಕೊಳ್ಳಲು ಬರುವುದಿಲ್ಲ. ಪುಸ್ತಕದ ಸಂಭಾಷಣೆಯಲ್ಲಿ ಅತಿಥಿ ಏನು ಹೇಳುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆ. ನಿಜವಾದ ಅತಿಥಿ ತನ್ನ ಡೈಲಾಗ್ ಬಾಯಿಪಾಠ ಮಾಡಿಕೊಂಡು ಬಂದಿರುವುದಿಲ್ಲ. ಅವನು ಅರ್ಧ ಮಾತು ನುಂಗುತ್ತಾನೆ, ನಡುವೆ ಫೋನ್ ನೋಡುತ್ತಾನೆ. ಅವನ ಮನೆಮಾತು ಕೂಡ ಇಂಗ್ಲಿಷ್ ಆಗಿರಬೇಕಿಲ್ಲ. ಜರ್ಮನ್ನರು, ಜಪಾನೀಯರು, ಬ್ರೆಜಿಲ್‌ನವರು, ಎಲ್ಲರೂ ಇದೇ ಮುರುಕು ಸೇತುವೆಯ ಮೇಲೆ ನಡೆದು ಬರುವವರೇ.

ಹಾಗಾಗಿ ಮೊದಲ ಕೆಲಸ: ಯಾವುದಾದರೂ ಹೋಟೆಲಿನ ಅನುಮತಿ ಪಡೆದು ಸ್ವಾಗತ ಮೇಜಿನ ಹತ್ತಿರ ಒಂದೆರಡು ಗಂಟೆ ಸುಮ್ನೆ ಕೂತು ಬನ್ನಿ. ಅತಿಥಿಗಳ ಬಾಯಿಂದ ಬರುವ ವಾಕ್ಯಗಳನ್ನು ಹಾಗೇ ಬರೆದುಕೊಳ್ಳಿ. ವೈಫೈ ಪಾಸ್‌ವರ್ಡ್, ಬ್ಯಾಗ್ ಇಡುವ ಜಾಗ, ತಿಂಡಿ ಎಷ್ಟು ಹೊತ್ತಿನವರೆಗೆ, ಟ್ಯಾಕ್ಸಿ, ಎಸಿ ಕೆಲಸ ಮಾಡುತ್ತಿಲ್ಲ. ಬಹುಪಾಲು ಇಂಥ ಸಣ್ಣಪುಟ್ಟ ಪ್ರಶ್ನೆಗಳೇ. ಅದೇ ನಿಮ್ಮ ಪಠ್ಯ. ಪರ್ಫೆಕ್ಟ್ ಟೆನ್ಸ್ ಬೇಕಾದರೆ 'ಹ್ಯಾವ್ ಯು ಸ್ಟೇಡ್ ವಿತ್ ಅಸ್ ಬಿಫೋರ್' ಅನ್ನುವಲ್ಲಿ ತಾನಾಗಿಯೇ ಬರುತ್ತದೆ.

ಇನ್ನು ಒಂದು ಅಪಾಯದ ಜಾಗ ಇದೆ, ಅದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ. ಅತಿಥಿ ಕೇಳುತ್ತಾಳೆ: 'ದೇರ್ ಆರ್ ನೋ ನಟ್ಸ್ ಇನ್ ದಿಸ್, ರೈಟ್?' ನಮ್ಮ ಹುಡುಗ ನಗುನಗುತ್ತಾ 'ಯೆಸ್ ಮೇಡಂ' ಅನ್ನುತ್ತಾನೆ. ಅವನ ಮನಸ್ಸಿನಲ್ಲಿರುವುದು 'ಹೌದು, ಇಲ್ಲ' ಎಂದು. ಕನ್ನಡದಲ್ಲಿ ಅದು ಸರಿಯಾದ ಉತ್ತರವೇ. ಇಂಗ್ಲಿಷ್ ಕಿವಿಗೆ ಅದು 'ಹೌದು, ಇದೆ' ಅಂತಲೂ ಕೇಳಿಸಬಹುದು. ತಿರುಗಿಸಿ ನೋಡಿ. ನಟ್ಸ್ ಇದೆ ಎನ್ನಲು 'ನೋ ಮೇಡಂ' ಅಂದುಬಿಟ್ಟರೆ? ಅವಳು ಧೈರ್ಯವಾಗಿ ತಿಂದುಬಿಡುತ್ತಾಳೆ. ಅಲರ್ಜಿ ಇದ್ದವರಿಗೆ ಇದು ಜೀವದ ಪ್ರಶ್ನೆ. ಅದಕ್ಕೇ ನಾನು ತರಗತಿಯಲ್ಲಿ ಒಂದು ಕಟ್ಟುನಿಟ್ಟು ಮಾಡಿದ್ದೇನೆ: ತಿನ್ನುವ ವಿಷಯದಲ್ಲಿ ಬರೀ ಯೆಸ್, ಬರೀ ನೋ ಇಲ್ಲ. 'ದೇರ್ ಆರ್ ನೋ ನಟ್ಸ್ ಇನ್ ಇಟ್' ಎಂದು ಪೂರ್ತಿ ಹೇಳಬೇಕು. ಗೊತ್ತಿಲ್ಲದಿದ್ದರೆ 'ಲೆಟ್ ಮಿ ಚೆಕ್ ವಿತ್ ದ ಶೆಫ್' ಎಂದು ಹೇಳಿ ಒಳಗೆ ಹೋಗಿ ಕೇಳಿ ಬರಬೇಕು.

ಯುರೋಪ್ ಒಕ್ಕೂಟದ ನಿಯಮದಲ್ಲಿ ಅಲರ್ಜಿ ತರುವ 14 ಬಗೆಯ ಪದಾರ್ಥಗಳ ಪಟ್ಟಿ ಇದೆ. ಊಟ ಬಡಿಸುವವರು ಅವುಗಳ ಮಾಹಿತಿ ಕೊಡಲೇಬೇಕು ಎಂಬ ನಿಯಮ 2014ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಪದಸಂಪತ್ತು ಬೆಳೆಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ನನಗಂತೂ ಕಂಡಿಲ್ಲ. ಮಿಲ್ಕ್, ಎಗ್, ಫಿಶ್ ಎಲ್ಲರಿಗೂ ಗೊತ್ತು. ಸೆಸಮಿ (ಎಳ್ಳು), ಸೆಲರಿ (ಒಂದು ಬಗೆಯ ಸೊಪ್ಪು), ಮಸ್ಟರ್ಡ್ (ಸಾಸಿವೆ), ಮಾಲಸ್ಕ್ (ಕಪ್ಪೆಚಿಪ್ಪಿನಂಥ ಜೀವಿ) ಕೇಳಿ ನೋಡಿ, ಅರ್ಧ ತರಗತಿ ಮೌನ.

ಕೆಟ್ಟ ಸುದ್ದಿ ಹೇಳುವುದನ್ನೂ ಕಲಿಸಬೇಕು. ಕೋಣೆ ಇನ್ನೂ ಸಿದ್ಧವಾಗಿಲ್ಲ. 'ರೂಮ್ ನಾಟ್ ರೆಡಿ' ಅಂದರೆ ಅರ್ಥವಾಗುತ್ತದೆ, ಆದರೆ ಗದರಿದ ಹಾಗೆ ಕೇಳಿಸುತ್ತದೆ. 'ಐ ಆ್ಯಮ್ ಅಫ್ರೇಡ್ ಯುವರ್ ರೂಮ್ ಈಸಂಟ್ ರೆಡಿ ಯೆಟ್' ಎಂದು ಬೋರ್ಡಿನ ಮೇಲೆ ಬರೆದಾಗ ಒಬ್ಬ ಹುಡುಗ ಕೇಳಿದ: "ಸರ್, ರೂಮ್ ಕ್ಲೀನ್ ಆಗದಿದ್ದರೆ ನಾನ್ಯಾಕೆ ಹೆದರಬೇಕು?" ತರಗತಿ ಪೂರ್ತಿ ನಕ್ಕಿತು. ಪ್ರಶ್ನೆ ಸರಿಯಾಗಿಯೇ ಇತ್ತು. ಇಲ್ಲಿ ಅಫ್ರೇಡ್ ಅಂದರೆ ಹೆದರಿಕೆ ಅಲ್ಲ, 'ಬೇಜಾರು ಮಾಡ್ಕೋಬೇಡಿ' ಅನ್ನುವ ಧಾಟಿ. ಹಾಗೆ ಹೇಳಿದ ಮೇಲೆ ಅತಿಥಿಯನ್ನು ನಿಲ್ಲಿಸಿಯೇ ಬಿಡಬಾರದು. ಎಷ್ಟು ಹೊತ್ತಾಗುತ್ತದೆ, ಬ್ಯಾಗ್ ಎಲ್ಲಿಡಬಹುದು, ಅಲ್ಲಿಯವರೆಗೆ ಎಲ್ಲಿ ಕೂರಬಹುದು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿಸಿ.

ಹೋಟೆಲ್ ಕೆಲಸ ಗೊತ್ತಿಲ್ಲ ಅನ್ನುವುದು ನಿಮ್ಮ ಕೊರತೆ ಅಂದುಕೊಳ್ಳಬೇಡಿ. ಟೇಬಲ್ ಹೇಗೆ ಸಿದ್ಧ ಮಾಡುವುದು, ಹಾಸಿಗೆಯ ಮೂಲೆ ಹೇಗೆ ಮಡಚುವುದು ಅಂತ ವಿದ್ಯಾರ್ಥಿಗಳನ್ನೇ ಇಂಗ್ಲಿಷಿನಲ್ಲಿ ಕೇಳಿ. ನಿಮಗೆ ನಿಜವಾಗಿಯೂ ಗೊತ್ತಿಲ್ಲವಲ್ಲ, ಅವರು ನಿಜವಾಗಿಯೂ ವಿವರಿಸಬೇಕಾಗುತ್ತದೆ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಗಳಿಂದ ಮಕ್ಕಳು ರೋಸಿಹೋಗಿರುತ್ತಾರೆ.

ಪ್ರಶ್ನೆ: ನನ್ನ ಅರ್ಧದಷ್ಟು ವಿದ್ಯಾರ್ಥಿಗಳು ಅಡುಗೆಮನೆಗೆ ಹೋಗುವವರು. "ನಾವು ಅತಿಥಿಗಳ ಮುಖವನ್ನೇ ನೋಡಲ್ಲ, ನಮಗ್ಯಾಕೆ ಇಂಗ್ಲಿಷ್?" ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ಅವರಿಗೆ ಬೇಕಾದ ಇಂಗ್ಲಿಷ್ ಬೇರೆ, ಅಷ್ಟೇ. ನಯವಾದ ವಾಕ್ಯಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕುದಿಯುವ ಪಾತ್ರೆ ಹಿಡಿದು ಬರುವವನು 'ಎಕ್ಸ್‌ಕ್ಯೂಸ್ ಮಿ, ವುಡ್ ಯು ಮೈಂಡ್' ಅಂತ ಶುರು ಮಾಡಿದರೆ ಅಷ್ಟರಲ್ಲಿ ಯಾರದೋ ಕೈ ಸುಟ್ಟಿರುತ್ತದೆ. 'ಬಿಹೈಂಡ್!' (ನಿನ್ನ ಹಿಂದಿದ್ದೇನೆ), 'ಹಾಟ್!' (ಬಿಸಿ ಇದೆ), 'ಕಾರ್ನರ್!' (ಮೂಲೆ ತಿರುಗುತ್ತಿದ್ದೇನೆ) ಇವೇ ಅಲ್ಲಿನ ಪೂರ್ಣ ವಾಕ್ಯಗಳು. ವ್ಯಾಕರಣ ತಿದ್ದಲು ಹೋಗಬೇಡಿ.

ಅಡುಗೆಯವರನ್ನು ಜಾಸ್ತಿ ಎಡವಿಸುವುದು ಕಷ್ಟದ ಪದಗಳಲ್ಲ, ಸುಲಭದ ಪದಗಳು. 'ರೆಡ್ಯೂಸ್ ದ ಸಾಸ್' ಅಂದಾಗ ಒಬ್ಬಳು ಸೌಟಿನಲ್ಲಿ ಅರ್ಧ ಸಾಸ್ ತೆಗೆದು ಪಕ್ಕಕ್ಕಿಟ್ಟಿದ್ದಳು. ಶಾಲೆಯಲ್ಲಿ ಕಲಿತ ಅರ್ಥದ ಪ್ರಕಾರ ಅವಳು ಮಾಡಿದ್ದು ತಪ್ಪಲ್ಲ. ಕುದಿಸಿ ನೀರಿನಂಶ ಇಳಿಸಿ ಗಟ್ಟಿ ಮಾಡು ಎಂಬ ಅರ್ಥ ಅಡುಗೆಮನೆಯದು. ಸೀಸನ್ ಅಂದರೆ ಋತುವಲ್ಲ, ಉಪ್ಪು ಕಾಳುಮೆಣಸು ಹಾಕಿ ರುಚಿ ಹೊಂದಿಸುವುದು. ಫೋಲ್ಡ್ ಅಂದರೆ ನೊರೆ ಒಡೆಯದ ಹಾಗೆ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬೆರೆಸುವುದು. ರೆಸ್ಟ್ ಅಂದರೆ ಬೆಂದ ಮಾಂಸವನ್ನು ಕತ್ತರಿಸದೆ ಸ್ವಲ್ಪ ಹೊತ್ತು ಬಿಡುವುದು, ಅಡುಗೆಯವನು ಕೂರುವುದಲ್ಲ! ಇಂಥ ಪದಗಳನ್ನು ಬಾಯಲ್ಲಿ ವಿವರಿಸುತ್ತಾ ಕೂರಬೇಡಿ. ಬೌಲು, ವಿಸ್ಕ್ ಕೈಗೆ ಕೊಟ್ಟು ಮಾಡಿಸಿ. ಕೈಗೆ ನೆನಪಿದ್ದರೆ ಸಾಕು. ಸೊಟೆ (ಸ್ವಲ್ಪ ಎಣ್ಣೆಯಲ್ಲಿ ಬಾಡಿಸುವುದು), ಜೂಲಿಯನ್ (ತೆಳ್ಳಗೆ ಉದ್ದುದ್ದ ಹೆಚ್ಚುವುದು) ಅಂತ ಫ್ರೆಂಚಿನಿಂದ ಬಂದವು ಹೇಗೂ ಪ್ರಾಕ್ಟಿಕಲ್‌ನಲ್ಲಿ ಬರುತ್ತವೆ, ಅವುಗಳ ಮೇಲೆ ನೀವು ಸಮಯ ಕಳೆಯಬೇಕಿಲ್ಲ.

ಒಂದು ಅಭ್ಯಾಸ ಮಾಡಿಸಿ. ಎಕ್ಸಾಸ್ಟ್ ಫ್ಯಾನ್, ಪಾತ್ರೆಗಳ ಸದ್ದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಅದನ್ನು ಜೋರಾಗಿ ಹಾಕಿ, ಒಬ್ಬರು ಆರ್ಡರ್ ಕೂಗಲಿ: ಎರಡು ಸೂಪ್, ಒಂದಕ್ಕೆ ಕ್ರೀಮ್ ಬೇಡ, ಮೂರು ಆಮ್ಲೆಟ್. ಉಳಿದವರು ಅದನ್ನು ತಿರುಗಿ ಹೇಳಿ ಕೆಒಟಿ ಚೀಟಿಯಲ್ಲಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಬರೆಯಲಿ. ಮೊದಲ ದಿನ ಚೀಟಿಗಳು ಒಬ್ಬೊಬ್ಬರದು ಒಂದೊಂದು ಥರ ಇರುತ್ತವೆ. ಚಿಂತೆ ಬೇಡ.

ಪ್ರಶ್ನೆ: ಬ್ರಿಟಿಷ್ ಇಂಗ್ಲಿಷ್ ಕಲಿಸಬೇಕೋ, ಅಮೆರಿಕನ್ನೋ? ಉಚ್ಚಾರಣೆ ಎಷ್ಟು ತಿದ್ದಬೇಕು?

ಉತ್ತರ: ಆಡುವುದಕ್ಕೆ ಯಾವುದಾದರೂ ಒಂದು, ಕೇಳಿಸಿಕೊಳ್ಳುವುದಕ್ಕೆ ಎರಡೂ. ಬಿಲ್ ಕೇಳಿದರೂ ಚೆಕ್ ಕೇಳಿದರೂ ಒಂದೇ ಕಾಗದ ಒಯ್ಯಬೇಕು. ಆಂಟ್ರೆ ಎಂಬ ಪದ ಇನ್ನೂ ತಮಾಷೆ. ಅಮೆರಿಕದವರಿಗೆ ಅದು ಮುಖ್ಯ ಊಟ, ಫ್ರಾನ್ಸಿನವರಿಗೆ ಊಟಕ್ಕೆ ಮುಂಚಿನ ಸಣ್ಣ ತಟ್ಟೆ. ಸಮಯದಲ್ಲೂ ಇದೇ ಗೋಳು. ಬ್ರಿಟಿಷರ 'ಹಾಫ್ ಸಿಕ್ಸ್' ಅಂದರೆ ಆರೂವರೆ. ಜರ್ಮನ್ ಭಾಷೆಯಲ್ಲಿ ಅದೇ ಮಾತಿಗೆ ಐದೂವರೆ ಎಂದರ್ಥ. ಬೆಳಗಿನ ವೇಕ್-ಅಪ್ ಕಾಲ್‌ಗೆ ಸಮಯ ಬರೆದುಕೊಳ್ಳುವವರು 'ಸಿಕ್ಸ್ ಥರ್ಟಿ, ಸರ್?' ಎಂದು ಅಂಕಿಯಲ್ಲಿ ತಿರುಗಿ ಕೇಳಲೇಬೇಕು.

ಉಚ್ಚಾರಣೆಯಲ್ಲಿ ಹಣ, ಕೋಣೆ, ಹೆಸರು ತಪ್ಪಿಸುವುದನ್ನು ಮಾತ್ರ ತಿದ್ದಿ. ಫಿಫ್ಟೀನ್‌ನಲ್ಲಿ ಒತ್ತು ಕೊನೆಯ ಭಾಗಕ್ಕೆ, ಫಿಫ್ಟಿಯಲ್ಲಿ ಮೊದಲನೆಯದಕ್ಕೆ. ಅನುಮಾನ ಬಂದರೆ 'ಒನ್ ಫೈವ್' ಎಂದು ಬಿಡಿಸಿ ಹೇಳಲಿ. ಫೋನಿನಲ್ಲಿ ಹೆಸರು ಬರೆದುಕೊಳ್ಳಲು ವಿಮಾನದವರು ಎ, ಬಿ, ಸಿ ಬದಲಿಗೆ 1956ರಿಂದ ಬಳಸುತ್ತಿರುವ ಆಲ್ಫಾ, ಬ್ರಾವೊ, ಚಾರ್ಲಿ ಕಲಿಸಿ. ಬಿ, ಪಿ, ಡಿ, ಟಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ ಅಲ್ವಾ? ಉಳಿದಂತೆ ಅವರ ಧಾಟಿ ಅವರಿಗಿರಲಿ.

ಅಂಕ ಕೊಡುವಾಗಲೂ ಇದನ್ನೇ ನೋಡಿ. ಅಡುಗೆ ವಿಭಾಗದ ಸಹೋದ್ಯೋಗಿಯನ್ನು ಅತಿಥಿಯಾಗಿ ಕೂರಿಸಿ. ನಡುವೆ ಒಮ್ಮೆ ಆರ್ಡರ್ ಬದಲಿಸಲು ಅವರಿಗೆ ಮೊದಲೇ ಗುಟ್ಟಾಗಿ ಹೇಳಿಡಿ. ಎ, ದ ಅನ್ನುವ ಆರ್ಟಿಕಲ್ ಎರಡು ಕಡೆ ಬಿಟ್ಟುಹೋದರೂ ಬದಲಿಸಿದ ತಟ್ಟೆ ಸರಿಯಾಗಿ ಬಂದರೆ ಹತ್ತಕ್ಕೆ ಎಂಟು ಕೊಟ್ಟುಬಿಡಿ.